ಸಿಪ್ಪೆ ಬೀಳದ ಸಿನಿಮಾ

ರಾತ್ರಿ ಮುಚ್ಚುವ ಬಂಡೀಪುರ ಕಾಡಿನ ಗೇಟು ತೆಗೆಯಲು ಇನ್ನೂ ಹೊತ್ತಿದೆ. ಗುಂಡ್ಲುಪೇಟೆಯ ಊಟಿ ರಸ್ತೆಯ ಬದಿಯಲ್ಲಿ ಕೇರಳದ ಲಾರಿಗಳು ಒಂದರ ಹಿಂದೊಂದು ನಿಂತಿವೆ. ಚಾಲಕರು ಟವೆಲ್ಲು ಹೊದ್ದುಕೊಂಡು ಟೀ ಅಂಗಡಿಯ ಮುಂದೆ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಟೊಮೆಟೊ ದರ ಮಾತಾಡುತ್ತಿದ್ದಾರೆ. ಹಂಗಳದ ಕಡೆಯಿಂದ ಬಂದ ತರಕಾರಿ ಟೆಂಪೊ ಹಳೆಯ ಟಾಕೀಸಿನ ಮುಂದೆ ನಿಧಾನವಾಗುತ್ತದೆ. ಬೀನ್ಸ್ ಮೂಟೆಗಳ ನಡುವಿನಿಂದ ಸಣ್ಣತಾಯಮ್ಮ ಇಳಿಯುತ್ತಾರೆ. ಸೀರೆ ಕೊಡವಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೇಟಿನ ಕಿಂಡಿಯೊಳಗೆ ಕೈ ಹಾಕಿ ಚಿಲಕ ತೆಗೆಯುತ್ತಾರೆ. ಆ ಚಿಲಕ ಎಲ್ಲಿ ಸಿಗುತ್ತದೆ ಎಂದು ಕೈಗೇ ಗೊತ್ತು. ಕಣ್ಣು ಅತ್ತ ಹೋಗುವುದಿಲ್ಲ.

ಒಳಗೆ ಒಂದೇ ದೀಪ. ಹಿಂದಿನ ರಾತ್ರಿಯ ಜನರ ಬೆವರು, ಬೀಡಿ, ಹುರಿದ ಕಡಲೆಕಾಯಿಯ ವಾಸನೆ ಇನ್ನೂ ಗೋಡೆ ಬಿಟ್ಟಿಲ್ಲ. ಮೂಲೆಯಲ್ಲಿ ಒರಗಿಸಿಟ್ಟ ತೆಂಗಿನಕಡ್ಡಿ ಪೊರಕೆ ಕೈಗೆ ಬಂದರೂ ಅವರು ಕೂಡಲೇ ಗುಡಿಸಲು ಶುರು ಮಾಡುವುದಿಲ್ಲ. ಹಿಂದಿನ ಸಾಲಿನ ತುದಿಯಲ್ಲಿ ನಿಂತು, ಇಳಿಜಾರಾಗಿ ಪರದೆಯವರೆಗೆ ಹೋಗುವ ನೆಲವನ್ನು ಒಂದು ಸಲ ಪೂರಾ ನೋಡುತ್ತಾರೆ.

"ಮೊದ್ಲು ನೋಡ್ಬೇಕು ಕಣಪ್ಪ. ಗುಡಿಸ್ಬುಟ್ಮ್ಯಾಕೆ ಏನ್ ನೋಡೋದು, ನನ್ ತಲೆಯ?"

ಅವರು ನೋಡುವುದು ಕಡಲೆಕಾಯಿ ಸಿಪ್ಪೆಯನ್ನು. ಸಿಪ್ಪೆ ತುಳಿದು ತುಳಿದು ಪುಡಿಯಾಗಿದ್ದರೆ ಹೊಡೆದಾಟ, ಹಾಡು ಚೆನ್ನಾಗಿವೆ. ಜನ ಕಾಲು ಕುಟ್ಟಿದ್ದಾರೆ ಎಂದು ಅರ್ಥ. ಕುರ್ಚಿಯ ಕೆಳಗೇ ಒಂದು ಗುಡ್ಡೆಯಾಗಿ ಬಿದ್ದಿದ್ದರೆ ಅಳಿಸುವ ಸಿನಿಮಾ. ಅಳುವವರು ಕೈ ದೂರ ಚಾಚಿ ಎಸೆಯುವುದಿಲ್ಲ. ಸಿಪ್ಪೆ ಎರಡು ಮೂರು ಸಾಲು ಮುಂದಕ್ಕೆ ಹಾರಿದ್ದರೆ ಗೇಲಿ ಮಾಡಿದ್ದಾರೆ. ಏನೂ ಬಿದ್ದಿಲ್ಲವೆಂದರೆ ಜನವೇ ಇಲ್ಲ, ಇದ್ದವರೂ ಇಂಟರ್‌ವಲ್‌ನಲ್ಲಿ ಎದ್ದು ಹೋಗಿದ್ದಾರೆ. ಅದಕ್ಕೆ ಸಣ್ಣತಾಯಮ್ಮನವರ ಮಾತಿನಲ್ಲಿ 'ನೆಲ ಮೂಕಾಗದೆ', ಅಂದರೆ ಮೂಕವಾಗಿದೆ, ಎಂದು ಹೆಸರು. ಈಗ ಒಳಗಡೆ ಪಾಪ್‌ಕಾರ್ನ್ ಮಾರುವ ಗಾಜಿನ ಪೆಟ್ಟಿಗೆ ಬಂದಿದೆ. ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. "ಅದು ಪಿಚ್ಚರ್ ಸಂದಾಗಿದ್ರೂ ಬೀಳ್ತದೆ, ಇಲ್ದಿದ್ರೂ ಬೀಳ್ತದೆ. ಅದಕ್ಕೆ ಬಾಯಿಲ್ಲ."

ಟಾಕೀಸಿನ ಹಿಂದಿನ ಮಾಲೀಕರಾದ ಮರಿಮಲ್ಲಪ್ಪನವರು ಶುಕ್ರವಾರ ಹೊಸ ಚಿತ್ರ ಬಿದ್ದ ಮಾರನೆಯ ಬೆಳಿಗ್ಗೆ, ವಿಭೂತಿ ಹಚ್ಚಿಕೊಂಡು, ಪೇಪರು ಕೂಡ ಬಿಡಿಸದೆ ಬಾಗಿಲಲ್ಲಿ ಬಂದು ನಿಂತು ಕೇಳುತ್ತಿದ್ದರಂತೆ: "ತಾಯಮ್ಮ, ನೆಲ ಏನಂತದೆ?" ಇವರು ಒಂದು ಮಾತು ಹೇಳುತ್ತಿದ್ದರು. ಆ ಮಾತಿನ ಮೇಲೆ ಚಿತ್ರ ಇನ್ನೊಂದು ವಾರ ಉಳಿಯುತ್ತಿತ್ತು, ಇಲ್ಲವೇ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತುತ್ತಿತ್ತು. ಮೈಸೂರಿನ ವಿತರಕರು ಏನೇ ಹೊಗಳಲಿ, ಪೇಪರಿನಲ್ಲಿ ವಿಮರ್ಶಕರು ಏನೇ ಬರೆಯಲಿ, ಮರಿಮಲ್ಲಪ್ಪನವರಿಗೆ ನೆಲದ ಮಾತೇ ಮಾತು. ಅವರು ತೀರಿಕೊಂಡ ಮೇಲೆ ಮಗ ಸೋಮಶೇಖರ್ ಟಾಕೀಸು ನೋಡಿಕೊಳ್ಳುತ್ತಿದ್ದಾರೆ. ರೀಲು ಹೋಗಿ ಡಿಜಿಟಲ್ ಬಂತು, ಬೆಂಚು ಹೋಗಿ ಕುರ್ಚಿ ಬಂತು. ಆ ಪ್ರಶ್ನೆ ಮಾತ್ರ ಅಪ್ಪನಿಂದ ಮಗನಿಗೆ ಹಾಗೇ ಬಂದಿದೆ.

ಸಣ್ಣತಾಯಮ್ಮನವರಿಗೆ ಈಗ ಅರವತ್ತರ ಹತ್ತಿರ. ಮದುವೆಯಾಗಿ ಹಂಗಳಕ್ಕೆ ಬಂದಾಗ ಗಂಡ ಮೂಗಯ್ಯ ಇದೇ ಟಾಕೀಸಿಗೆ ಪೋಸ್ಟರ್ ಅಂಟಿಸುತ್ತಿದ್ದರು. ಬೇಗೂರಿನ ಸಂತೆಮಾಳದ ಗೋಡೆಯಿಂದ ಹಿಡಿದು ಬಂಡೀಪುರದ ದಾರಿಯ ಮೋರಿಗಳವರೆಗೆ ಸೈಕಲ್ಲಿನಲ್ಲೇ ಓಡಾಟ. ಮೈದಾ ಗೋಂದು ಕಾಯಿಸಿ ಕೊಡುವುದು ಇವರ ಕೆಲಸ. ಗೋಂದಿನ ಬಕೆಟ್ಟು ಹೊತ್ತುಕೊಂಡು ಬಂದವರ ಕೈಗೆ ಒಂದು ದಿನ ಯಾರೋ ಪೊರಕೆ ಕೊಟ್ಟರು. ಆ ದಿನದಿಂದ ಪೊರಕೆ ಬದಲಾಗಿದೆಯೇ ಹೊರತು ಕೈ ಬದಲಾಗಿಲ್ಲ.

ಬೆಳಗಿನ ಗುಡಿಸುವಿಕೆಯಲ್ಲದೆ ಹಗಲಿನ ಪ್ರತಿ ಆಟ ಮುಗಿದ ಮೇಲೂ ಒಂದು ಸಲ ಬೇಗಬೇಗನೆ ಗುಡಿಸಬೇಕು; ಮುಂದಿನ ಆಟದವರು ಹೊರಗೆ ಕಾಯುತ್ತಿರುತ್ತಾರೆ. ಹಾಗಾಗಿ ಚಿತ್ರ ಮುಗಿಯಲು ಸ್ವಲ್ಪ ಹೊತ್ತಿರುವಾಗಲೇ ಪೊರಕೆ, ಕಸ ತುಂಬುವ ಮಂಕರಿ ಹಿಡಿದು ಬಾಗಿಲಿನ ಪರದೆ ಸರಿಸಿ ನಿಲ್ಲುತ್ತಾರೆ. ಇದರಿಂದಾಗಿ ಒಂದು ವಿಚಿತ್ರ ನಡೆದುಹೋಗಿದೆ. ಈ ಊರಿಗೆ ಬಂದ ಚಿತ್ರಗಳಲ್ಲಿ ಬಹುಪಾಲು ಎಲ್ಲದರ ಕೊನೆಯನ್ನೂ ಸಣ್ಣತಾಯಮ್ಮ ನೋಡಿದ್ದಾರೆ. ಒಂದರ ಮೊದಲನ್ನೂ ನೋಡಿಲ್ಲ.

"ಮದ್ವೆ ಆಗೋದು ನೋಡಿವ್ನಿ. ಯಾಕೆ ತಡವಾಯ್ತು ಅಂತ ಗೊತ್ತಿಲ್ಲ. ಖಳನ್ನ ಪೊಲೀಸು ಎಳ್ಕಂಡೋಗೋದು ನೋಡಿವ್ನಿ. ಅವ ಏನ್ ಮಾಡ್ದ ಅಂತ ಗೊತ್ತಿಲ್ಲ" ಎಂದು ನಗುತ್ತಾರೆ. "ನಮ್ಮನೆಯೋರು ಇದ್ದಾಗ ವಾಸಿ. ಅವ ಮೊದ್ಲರ್ಧ ನೋಡ್ಕಂಡು ಬಂದು ಉಣ್ಣೋವಾಗ ಕತೆ ಯೇಳೋನು, ಆಮೇಲೆ ಕುಂತಲ್ಲೇ ನಿದ್ದೆ ಮಾಡ್ಬುಡೋನು. ಕೊನೆ ನನ್ ತವ ಇರದು. ಅವ ತೀರೋದ್ಮ್ಯಾಕೆ ಬರೀ ಕೊನೇನೆ ಉಳಿತು."

ಕೂತು ನೋಡಬಾರದು ಎಂದು ಯಾರಾದರೂ ಹೇಳಿದ್ದರೇ? ಸಣ್ಣತಾಯಮ್ಮ ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿಗಳನ್ನು ಸಮ ಮಾಡಿಕೊಳ್ಳುತ್ತಾರೆ. "ಯಾರೂ ಕುಂತ್ಕಬೇಡ ಅಂದಿಲ್ಲ. ಕುಂತ್ಕೊ ಅಂತಲೂ ಅಂದಿಲ್ಲ" ಎನ್ನುತ್ತಾರೆ. ಮತ್ತೆ ಗುಡಿಸಲು ಬಾಗುತ್ತಾರೆ.

ಇಂಥವರ ಮಾತು ತಪ್ಪಿದ್ದು ಒಂದೇ ಸಲ. ತೀರಾ ಈಚೆಗೆ. ಅದನ್ನು ಹೇಳಲು ಅವರಿಗೆ ಇಷ್ಟವಿರಲಿಲ್ಲ. "ಅದೊಂದು ಬುಟ್ಟು ಇನ್ನೆಲ್ಲ ಬರ್ಕಳಿ" ಎಂದಿದ್ದರು. ಆಮೇಲೆ ತಾವೇ, "ಬುಡ್ಬೇಡಿ. ನನ್ ಸಂಗ್ತಿ ಬರೆಯೋದಾದ್ರೆ ಅದೂ ಇರ್ಲಿ" ಎಂದರು.

ಚಾಮರಾಜನಗರದ ಕಾವ್ಯಶ್ರೀ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು. ಅವರು ಮತ್ತು ಕೆಲವು ಗೆಳೆಯರು ಸೇರಿ ಹಳೆಯ ಒಳ್ಳೆಯ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ತೋರಿಸುವ ಒಂದು ಬಳಗ ಕಟ್ಟಿಕೊಂಡಿದ್ದಾರೆ. ತಮ್ಮೂರಿನಲ್ಲಿ ಜಾಗ ಸಿಗದೆ ಗುಂಡ್ಲುಪೇಟೆಗೆ ಬಂದು ಸೋಮಶೇಖರ್ ಅವರನ್ನು ಕೇಳಿದರು. ಭಾನುವಾರ ಬೆಳಗಿನ ಆಟ ಹೇಗೂ ಖಾಲಿ. "ಒಂದು ಹಾಕಿ ನೋಡಣ ಮೇಡಂ. ನಮ್ಮ ಜನಕ್ಕೆ ಹಿಡಿದ್ರೆ ತಿಂಗಳಿಗೊಂದು ಭಾನುವಾರ ನಿಮ್ದೇ" ಎಂದು ಅವರು ಒಪ್ಪಿದರು. ಬಳಗ ಆರಿಸಿದ್ದು ಅಮೆರಿಕದ ಒಂದು ಹಳೆಯ ವೆಸ್ಟರ್ನ್ ಚಿತ್ರ. ಕುದುರೆ, ದನದ ಮಂದೆ, ಬಯಲು, ಬಂದೂಕು. ಮೂರು ಗಂಟೆ ಮೀರಿದ್ದು. ಸೋಮಶೇಖರ್ ಪೋಸ್ಟರ್ ನೋಡಿ, "ಟೋಪಿ ಹಾಕಿರೋ ಮುದುಕನ್ನ ನೋಡಕ್ಕೆ ಯಾರು ಬಂದಾರು?" ಎಂದು ಗೊಣಗಿ, ಆ ಭಾನುವಾರ ಕುದೇರಿನಲ್ಲಿದ್ದ ನೆಂಟರ ಮದುವೆಗೆ ಹೋದರು.

ಜನ ಬಂದರು. ಚಾಮರಾಜನಗರದಿಂದ ಒಂದು ಬಸ್ಸು ತುಂಬ ಬಂದರು. ಕುದುರೆ ಪಿಚ್ಚರ್ ಎಂದು ಕೇಳಿ ಊರಿನವರೂ ಬಂದರು. ಕಾಡಂಚಿನಲ್ಲಿ ದನ ಮೇಯಿಸುವ ಹಂಗಳದ ಚಿಕ್ಕಮಾದು ಕೂಡ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತ. ಹೊರಗೆ ಗೇಟಿನ ಬಳಿ ಕಡಲೆಕಾಯಿ ಮಾರುವ ಭಾಗ್ಯಳ ಬಿಸಿ ಪೊಟ್ಟಣಗಳು ಆಟ ಶುರುವಾಗುವುದರೊಳಗೆ ಖಾಲಿಯಾದವು.

ಸಣ್ಣತಾಯಮ್ಮ ಎಂದಿನಂತೆ ಕೊನೆಯಲ್ಲಿ ಬಾಗಿಲಿನ ಪರದೆ ಸರಿಸಿ ನಿಂತರು. ಪರದೆಯ ಮೇಲೆ ಒಂದು ಮನೆಯಂಗಳ. ದೂರದಿಂದ ಕುದುರೆಯೊಂದು ನಡೆದು ಬರುತ್ತದೆ, ಮೇಲೆ ಸವಾರನಿಲ್ಲ. ಮನೆಯೊಳಗಿಂದ ವಯಸ್ಸಾದ ಹೆಂಗಸು ಬಂದು ಕುದುರೆಯನ್ನು ನೋಡುತ್ತಾಳೆ. ಅಳುವುದಿಲ್ಲ. ಜೀನು ಬಿಚ್ಚಿ ಇಳಿಸುತ್ತಾಳೆ, ಬಕೆಟ್ಟಿನಲ್ಲಿ ನೀರು ತಂದಿಡುತ್ತಾಳೆ. ಕುದುರೆ ನೀರು ಕುಡಿಯುತ್ತದೆ. ಅಷ್ಟೇ. "ಥೂ ಇವಳ, ಗಂಡ ಸತ್ರೆ ಒಂದ್ ಹನಿ ಕಣ್ಣೀರಿಲ್ವ ಅಂತ ಬೈಕಂಡೆ" ಎನ್ನುತ್ತಾರೆ.

ದೀಪ ಹತ್ತಿತು. ಜನ ಏಳತೊಡಗಿದರು. ಆ ಗುಂಪಿನಲ್ಲಿ ಅವರಿಗೆ ಮಗಳು ಕಂಡಳು.

ಪ್ರಿಯಾಂಕ ಚಾಮರಾಜನಗರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅಲ್ಲೇ ರೂಮು ಮಾಡಿಕೊಂಡಿದ್ದು ಬಿಡುವಾದಾಗ ಹಂಗಳಕ್ಕೆ ಬರುತ್ತಾಳೆ. ಅವಳು ಈ ಆಟಕ್ಕೆ ಬರುವ ವಿಷಯ ಅವ್ವನಿಗೆ ಗೊತ್ತಿರಲಿಲ್ಲ. ಜೊತೆ ಕೆಲಸ ಮಾಡುವ ಹುಡುಗಿಯರ ಜೊತೆ ಬಂದಿದ್ದಳು. ಸಣ್ಣತಾಯಮ್ಮನ ಕೈಯಲ್ಲಿ ಪೊರಕೆ, ಸೊಂಟದಲ್ಲಿ ಮಂಕರಿ. ಅವರು ಗೋಡೆಯ ಕಡೆಗೆ ತಿರುಗಿ ನಿಂತುಬಿಟ್ಟರು.

"ಅವಳ ಜೊತೆ ಹುಡ್ಗೀರು ಒಳ್ಳೊಳ್ಳೆ ಬಟ್ಟೆ ಹಾಕವ್ರೆ. ನಾನ್ಯಾಕೆ ಎದುರಿಗೆ ಬರ್ಬೇಕು? ಗ್ವಾಡೆ ನೋಡ್ಕಂಡು ನಿಂತ್ಕಂಡೆ. ಅವಳ ಚಪ್ಲಿ ಸದ್ದು ನಂಗೊತ್ತು. ನನ್ ಹಿಂದ್ಗಡೆ ಬಂತು. ಒಂದ್ ಗಳಿಗೆ ನಿಂತ್ಕತು. ಆಮೇಲೆ ಓಯ್ತು."

ಇದನ್ನು ಹೇಳುವಾಗ ಅವರ ದನಿಯಲ್ಲಿ ಮಗಳ ಮೇಲೆ ಸಿಟ್ಟಿಲ್ಲ. ತಿರುಗಿ ನಿಂತವರು ಮೊದಲು ತಾವೇ ಎಂಬುದನ್ನು ಮಾತ್ರ ಎರಡು ಸಲ ಹೇಳುತ್ತಾರೆ.

ಆ ದಿನ ಅವರು ಹಿಂದಿನ ಸಾಲಿನಲ್ಲಿ ನಿಂತು ನೆಲವನ್ನು ಪೂರಾ ನೋಡಲಿಲ್ಲ. ಪೊರಕೆ ಹಾಕಿದರು, ಬರುಬರುತ್ತ ಗಮನಿಸಿದರು: ಸಿಪ್ಪೆಯೇ ಇಲ್ಲ. ಅಲ್ಲೊಂದು, ಇಲ್ಲೊಂದು. ಅಷ್ಟು ಜನ ಕೂತಿದ್ದ ಹಾಲ್ ದೇವಸ್ಥಾನದ ಪಡಸಾಲೆಯ ಹಾಗೆ ಬಣಗುಡುತ್ತಿತ್ತು. ಸಂಜೆ ಮದುವೆಯೂಟ ಮುಗಿಸಿ ಬಂದ ಸೋಮಶೇಖರ್ ಕಾರಿನಿಂದ ಇಳಿಯುತ್ತಲೇ ಕೇಳಿದರು:

"ಏನ್ ತಾಯಮ್ಮ, ನೆಲ ಏನಂತದೆ?"

"ಮೂಕಾಗದೆ ಬುದ್ಧಿ. ಒಂದ್ ಸಿಪ್ಪೆ ಬಿದ್ದಿಲ್ಲ. ಜನಕ್ಕೆ ಹಿಡೀಲಿಲ್ಲ."

ಸೋಮಶೇಖರ್ ಮಾರನೆಯ ದಿನ ಕಾವ್ಯಶ್ರೀಯವರಿಗೆ ಫೋನ್ ಮಾಡಿದರು. ಮುಂದಿನ ಭಾನುವಾರಗಳಿಗೆ ಮೈಸೂರಿನ ಸೀರೆ ವ್ಯಾಪಾರಿಗಳೊಬ್ಬರು ಮಾರಾಟಕ್ಕೆಂದು ಹಾಲ್ ಕೇಳುತ್ತಿದ್ದರು. ಅವರಿಗೇ ಕೊಡುತ್ತೇನೆ ಎಂದರು. ಆ ಮಾತುಕತೆಯನ್ನು ಕಾವ್ಯಶ್ರೀ ಈಗ ನಗುತ್ತ ನೆನೆಯುತ್ತಾರೆ, ಅವತ್ತು ನಗು ಬಂದಿರಲಿಲ್ಲ.

"ನಿಮ್ಮ ಪಿಚ್ಚರ್ ಜನಕ್ಕೆ ಹಿಡೀಲಿಲ್ಲ ಮೇಡಂ."

"ಹೋಟೆಲ್ಲಲ್ಲಿ ಕಾಫಿ ಕುಡೀತಾ ಒಂದು ಗಂಟೆ ಅದರ ಬಗ್ಗೇನೇ ಜಗಳ ಆಡಿದ್ರಲ್ಲ ಸರ್ ಜನ! ಯಾರು ಹೇಳಿದ್ದು ನಿಮಗೆ?"

"ನಮ್ಮ ನೆಲ ಹೇಳ್ತು."

ಹೋಟೆಲಿನ ಆ ಜಗಳ ನಿಜ. ಬಳಗದ ಹುಡುಗರು ಚಿತ್ರದ ಬಯಲು, ಬೆಳಕು, ಮೌನ ಎಂದು ಹೊಗಳುತ್ತಿದ್ದಾಗ ಪಕ್ಕದ ಮೇಜಿನಿಂದ ಚಿಕ್ಕಮಾದು ಬಾಯಿ ಹಾಕಿದ್ದ: "ಎಲ್ಲ ಸರಿ ಕಣ್ಲಾ. ಮೂರ್ ಗಂಟೆ ಹೊತ್ತು ಅಷ್ಟೊಂದ್ ದನ ತೋರುಸ್ದ. ಒಬ್ನಾದ್ರೂ ಒಂದ್ ಲೋಟ ಹಾಲು ಕರೆದ್ನ? ಆ ಮುದ್ಕ ದನ ಕಾಯೋನಲ್ಲ, ದನಕ್ಕೆ ಪೊಲೀಸು." ಎಲ್ಲರೂ ನಕ್ಕರು. ಆಮೇಲೆ ಅವನೇ ತಣ್ಣಗೆ ಹೇಳಿದ: "ಆದ್ರೆ ನದಿ ದಾಟ್ಸೋವಾಗ ಕೊನೇ ಕರುನ ಹೆಗಲ ಮ್ಯಾಲೆ ಹಾಕ್ಕಂಡ ನೋಡು, ಅದು ನಿಜ. ಅದುನ್ನ ಕಂಡೋನೇ ಮಾಡವ್ನೆ ಆ ಪಿಚ್ಚರ್ನ."

ಇದೇನೂ ಸಣ್ಣತಾಯಮ್ಮನಿಗೆ ಗೊತ್ತಿರಲಿಲ್ಲ. ಅವರಿಗೆ ಮೊದಲು ಅನುಮಾನ ಹುಟ್ಟಿಸಿದ್ದು ಭಾಗ್ಯ. ಭಾನುವಾರ ಸಂಜೆಯೇ, ಖಾಲಿ ಬುಟ್ಟಿ ಸೊಂಟಕ್ಕೇರಿಸಿಕೊಂಡು ಹೊರಟವಳು ನಿಂತು ಕೇಳಿದಳು.

"ಏನಕ್ಕ, ಇವತ್ತು ಮಂಕ್ರಿ ಹಗೂರ ಅದೆ? ನನ್ ಬುಟ್ಟಿನೆಲ್ಲ ಬರಿದು ಮಾಡ್ಕಂಡೋದ್ರು. ಸಿಪ್ಪೆ ಎಲ್ಗೋಯ್ತು?"

"ಇಲ್ಲ ಕಣಮ್ಮಿ. ಬಿದ್ದೇ ಇಲ್ಲ."

"ಬಿದ್ದಿಲ್ಲ ಅಂದ್ರೆ? ಸಿಪ್ಪೆ ಸಮೇತ ನುಂಗ್ಬುಟ್ರ? ಕನ್ನಡಕ ಹಾಕ್ಸಕ್ಕ ನೀನು, ವಯಸ್ಸಾಯ್ತು ನಿಂಗೆ!"

ಟೆಂಪೊದಲ್ಲಿ ಹಂಗಳಕ್ಕೆ ಹೋಗುವಷ್ಟು ದಾರಿಯೂ ಆ ಮಾತು ಅವರ ಕಿವಿಯಲ್ಲೇ ಇತ್ತು. ಮನೆಯಲ್ಲಿ ಪ್ರಿಯಾಂಕ ಬಂದು ಕೂತಿದ್ದಳು. ಮಾರನೆಯ ದಿನ ಅವಳಿಗೆ ಮಧ್ಯಾಹ್ನದ ಡ್ಯೂಟಿ. ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಿತ್ತು. ಬೆಳಗಿನದನ್ನು ಇಬ್ಬರೂ ಎತ್ತಲಿಲ್ಲ. ಮುದ್ದೆ ತಿರುವಿ, ಉಂಡು, ತಟ್ಟೆ ತೊಳೆದಾಯಿತು. ಆಗ ಪ್ರಿಯಾಂಕ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಅವ್ವನ ಮುಂದಿಟ್ಟಳು. ಭಾಗ್ಯಳ ಪೊಟ್ಟಣ. ಬಾಯಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು.

"ತಕ್ಕೊ ಅವ್ವ, ತಿನ್ನು. ಬೆಳಿಗ್ಗೆ ತಕ್ಕಂಡಿದ್ದು."

"ಯಾಕಮ್ಮಿ, ತಿನ್ಲಿಲ್ವ?"

"ಮರ್ತೇ ಓಯ್ತು ಕಣವ್ವ. ಕೈಯಲ್ಲೇ ಇಟ್ಕಂಡಿದ್ದೆ, ಪಿಚ್ಚರ್ ಮುಗಿಯೋವರ್ಗೂ. ನಾನೊಬ್ಳೇ ಅಲ್ಲ, ಹುಡ್ಗೀರ್ನ ಬಸ್ ಹತ್ಸೋವಾಗ ನೋಡಿದ್ರೆ ಎಲ್ರ ಕೈಯಲ್ಲೂ ಹಂಗೇ ಅದೆ. ಆಮೇಲೆ ಬಸ್ಸಲ್ಲಿ ತಿಂದ್ರಂತೆ."

ಸಣ್ಣತಾಯಮ್ಮ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನೋಡಿದರು. ಕಾಯಿ ತಣ್ಣಗಾಗಿ ಮೆತ್ತಗಾಗಿದ್ದವು. ಸಿಪ್ಪೆ ಬೀಳದಿದ್ದುದು ಜನಕ್ಕೆ ಚಿತ್ರ ಹಿಡಿಸದೆ ಹೋದದ್ದರಿಂದಲ್ಲ. ಅವರು ಕೈಯಲ್ಲಿರುವುದನ್ನು ಬಾಯಿಗೆ ಹಾಕುವುದನ್ನೂ ಮರೆತು ಕೂತಿದ್ದರಿಂದ. ಇಷ್ಟು ವರ್ಷ ನೆಲದ ಮಾತು ಕೇಳಿದವರಿಗೆ, ನೆಲ ಹೀಗೂ ಸುಮ್ಮನಿರಬಹುದು ಎಂದು ಹೊಳೆದಿರಲಿಲ್ಲ.

"ನಂಗೆ ಮುಖ ಎತ್ತಕ್ಕಾಗ್ಲಿಲ್ಲ" ಎನ್ನುತ್ತಾರೆ. "ಮಗಳ್ನ ಬಾಗ್ಲಲ್ಲಿ ನಿಲ್ಸಿ ಎಂಗಿತ್ತಮ್ಮಿ ಪಿಚ್ಚರ್ ಅಂತ ಒಂದ್ ಮಾತು ಕೇಳಿದ್ರೆ ಆಗಿತ್ತು. ಗ್ವಾಡೆ ನೋಡ್ಕಂಡು ನಿಂತ್ನಲ್ಲ."

ಮಗಳು ಅವತ್ತು ಹೇಳಿದ್ದು ಬೇರೆ. "ನಾನೂ ನಿಂತಿದ್ದೆ ಅವ್ವ, ನಿನ್ನ ಬೆನ್ನಿಂದೆ. ಕರೀಬೇಕು ಅಂತ ಬಾಯಿಗೆ ಬಂತು. ಆ ಹುಡ್ಗೀರು ನೋಡ್ತಿದ್ರು" ಎಂದಳಂತೆ. ಮತ್ತೆ ಅವ್ವ, ಮಗಳು ಇಬ್ಬರೂ ಒಲೆಯ ಕಡೆ ನೋಡುತ್ತ ಕೂತರು. ಬೆಂಕಿ ಆರಿ ಬಹಳ ಹೊತ್ತಾಗಿತ್ತು.

ಸೋಮವಾರ ನಸುಕಿನಲ್ಲಿ ಸಣ್ಣತಾಯಮ್ಮ ಗುಡಿಸಿದರು. ಹೊತ್ತೇರಿ ಸೋಮಶೇಖರ್ ಬರುವ ತನಕ ಟಿಕೆಟ್ ಕಿಟಕಿಯ ಪಕ್ಕದಲ್ಲಿ ನಿಂತಿದ್ದರು. ಅಷ್ಟರಲ್ಲಿ ಮಾಲೀಕರು ಮನೆಯಿಂದಲೇ ಕಾವ್ಯಶ್ರೀಗೆ ಫೋನ್ ಮಾಡಿ ಮುಗಿಸಿದ್ದರು.

"ಬುದ್ಧಿ, ನಾನು ತಪ್ ಯೇಳ್ಬುಟ್ಟೆ. ಆ ಕುದ್ರೆ ಪಿಚ್ಚರ್ ಜನಕ್ಕೆ ಹಿಡಿದದೆ. ತಿನ್ನೋದೇ ಮರ್ತು ನೋಡವ್ರೆ."

ಸೋಮಶೇಖರ್ ನಕ್ಕರು. "ಬುಡು ತಾಯಮ್ಮ. ಒಂದ್ಸಲ ತಪ್ಪಿದ್ರೆ ಏನಾಯ್ತು? ಸೀರೆಯವರು ಬರ್ತಾರೆ, ಅವರ ಕಸನೂ ಗುಡ್ಸಿದ್ರಾಯ್ತು."

"ನಗ್ಬೇಡಿ ಬುದ್ಧಿ. ಆ ಟೀಚರಮ್ಮ ಅಷ್ಟು ದೂರದಿಂದ ಆಸೆ ಇಟ್ಕಂಡು ಬಂದಿದ್ರು. ನನ್ ಮಾತಿಂದ ನಿಂತೋಯ್ತದೆ."

"ಸರಿ, ನೀನು ನೋಡಿದ್ಯಾ ಆ ಪಿಚ್ಚರ್ನ?"

"ಕೊನೆ ನೋಡ್ದೆ."

"ಮೊದಲು?"

"ಮೊದ್ಲು ಎಂಗ್ ನೋಡ್ಲಿ ಬುದ್ಧಿ? ಯಾವ ಪಿಚ್ಚರ್ದೂ ಮೊದ್ಲು ನೋಡಿಲ್ಲ."

ಸೋಮಶೇಖರ್ ಕೈಯಲ್ಲಿದ್ದ ಕೀಗೊಂಚಲನ್ನು ಒಮ್ಮೆ ತಿರುಗಿಸಿದರು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡರು. ಆ ಕ್ಷಣವನ್ನು ಅವರೂ ಮುಚ್ಚಿಡುವುದಿಲ್ಲ. "ನಮ್ಮಪ್ಪ ಕೇಳ್ತಿದ್ರು, ನಾನೂ ಕೇಳ್ತಿದ್ದೆ, ನೆಲ ಏನಂತದೆ ಅಂತ. ಪಿಚ್ಚರ್ ಬಂತು, ಹೋಯ್ತು. ಆ ಹೆಂಗಸು ಒಂದಾದ್ರೂ ನೋಡಿದ್ದಾಳಾ ಅಂತ ಇಬ್ರೂ ಕೇಳಿಲ್ಲ. ನನ್ನ ಹೆಂಡತಿ ಮಕ್ಕಳಿಗೆ ಹೇಳಕ್ಕೂ ನಾಚಿಕೆ ಆಯ್ತು ಸ್ವಾಮಿ" ಎನ್ನುತ್ತಾರೆ. ಹೇಳುವಾಗ ಎದುರಿನವರ ಮುಖ ನೋಡುವುದಿಲ್ಲ; ರಸ್ತೆಯ ಕಡೆ ನೋಡುತ್ತಾರೆ.

ಸೀರೆ ವ್ಯಾಪಾರಿಗಳಿಗೆ ಹತ್ತಿರದ ಛತ್ರ ತೋರಿಸಿದ್ದಾಯಿತು. ಕಾವ್ಯಶ್ರೀಯವರಿಗೆ ಮತ್ತೆ ಫೋನ್ ಹೋಯಿತು. ಅದೇ ಚಿತ್ರ, ಮುಂದಿನ ಭಾನುವಾರ, ಇನ್ನೊಂದು ಸಲ. ಷರತ್ತು ಒಂದೇ: ಈ ಸಲ ನೆಲವನ್ನು ಕೇಳುವುದಿಲ್ಲ. ತಾಯಮ್ಮ ಕೂತು, ಪೂರಾ ನೋಡಿ, ಹೇಳಬೇಕು.

ಅದು ಸಣ್ಣತಾಯಮ್ಮನಿಗೆ ಶಿಕ್ಷೆಯ ಹಾಗೆ ಕೇಳಿಸಿತು. ವಾರವಿಡೀ ಬೇರೆ ಬೇರೆ ನೆಪ ಹೇಳಿದರು: ಸೊಂಟ ನೋವು, ಕುರ್ಚಿ ಮಡಿಚಿಕೊಳ್ಳುತ್ತದೆ, ಇಂಗ್ಲಿಷ್ ಬರುವುದಿಲ್ಲ. ಕಾವ್ಯಶ್ರೀ ಹಿಂದಿನ ದಿನವೇ ಬಂದು ಸಮಾಧಾನ ಮಾಡಲು ನೋಡಿದರು. "ಬೇಜಾರು ಮಾಡ್ಕೋಬೇಡಿ ಅಮ್ಮ. ಈ ಚಿತ್ರ ಮೊದಲು ಬಂದಾಗ ಅಲ್ಲಿಯ ದೊಡ್ಡ ದೊಡ್ಡ ವಿಮರ್ಶಕರೇ ಬೈದಿದ್ರು. ಉದ್ದ ಆಯ್ತು, ನಿಧಾನ ಆಯ್ತು ಅಂತ. ಎಷ್ಟೋ ವರ್ಷ ಆದ್ಮೇಲೆ ಅವರೇ ಮಹಾಕಾವ್ಯ ಅಂದ್ರು. ಅವರೂ ತಪ್ಪಿದ್ರು."

"ಅವ್ರು ನೋಡ್ಬುಟ್ಟು ಅಂದ್ರು ಕಣವ್ವ" ಎಂದರು ಸಣ್ಣತಾಯಮ್ಮ. "ನಾನು ನೋಡದೇನೆ ಅಂದೆ."

ಭಾನುವಾರ ಬಂತು. ಅಂದು ಬೀನ್ಸ್ ಮೂಟೆಗಳ ನಡುವೆ ಕೂತು ಬಂದವರು ಉಟ್ಟಿದ್ದು ಮಗಳು ತಂದುಕೊಟ್ಟ ಹಸಿರು ಸೀರೆ. ಭಾಗ್ಯ ಗೇಟಿನಲ್ಲೇ ತಡೆದಳು. "ಓಹೋ, ಯಾರವ್ವ ಇದು? ಟಿಕೇಟು ತೋರ್ಸು!" ಎಂದು ಕಾಡಿಸಿ, ಒಂದು ಪೊಟ್ಟಣವನ್ನು ಕೈಗೆ ತುರುಕಿ, "ಮರೀದೆ ತಿನ್ನಕ್ಕ, ನನ್ ಕಾಯಿಗೆ ಕೆಟ್ಟೆಸ್ರು ತರ್ಬೇಡ" ಎಂದಳು.

ಚಾಮರಾಜನಗರದ ಬಸ್ಸು ಬಂತು. ಪ್ರಿಯಾಂಕ ಅದೇ ಹುಡುಗಿಯರ ಜೊತೆ ಇಳಿದಳು. ಸಣ್ಣತಾಯಮ್ಮನ ಕಾಲು ತಾನಾಗಿ ಒಂದು ಹೆಜ್ಜೆ ಗೋಡೆಯ ಕಡೆಗೆ ಹೋಯಿತು. ಪ್ರಿಯಾಂಕ ನೇರ ಬಂದು ಅವ್ವನ ಕೈ ಹಿಡಿದಳು. "ನಮ್ಮವ್ವ ಕಣ್ರೇ. ಈ ಟಾಕೀಸಲ್ಲಿ ಕೆಲಸ ಮಾಡ್ತಾರೆ" ಎಂದಳು. ಅವಳ ಕಿವಿಯ ತುದಿ ಕೆಂಪಾಗಿತ್ತು ಎಂದು ಭಾಗ್ಯ ಹೇಳುತ್ತಾಳೆ. ಹುಡುಗಿಯರಲ್ಲೊಬ್ಬಳು, "ಆಂಟಿ, ನಿಮಗೆ ಎಲ್ಲ ಪಿಕ್ಚರೂ ಫ್ರೀನಾ? ಪುಣ್ಯ ಮಾಡಿದ್ರಿ" ಎಂದಳು. ಪ್ರಿಯಾಂಕ ಅವ್ವನ ಕೈ ಬಿಡದೆ ಒಳಗೆ ಕರೆದುಕೊಂಡು ಹೋದಳು.

ಅವ್ವ, ಮಗಳು ಕೂತದ್ದು ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಅಂಟಿದ ಕುರ್ಚಿಯಲ್ಲಿ. ಒಳ್ಳೆಯ ಜಾಗಕ್ಕೆ ಬನ್ನಿ ಎಂದು ಸೋಮಶೇಖರ್ ಕರೆದರೂ ಹೋಗಲಿಲ್ಲ. ದೀಪ ಆರಿತು. ಸಣ್ಣತಾಯಮ್ಮ ಮೊದಲ ಸಲ ಒಂದು ಚಿತ್ರದ ಶುರು ನೋಡಿದರು. ಬಯಲು, ದೂಳು, ಒಂದು ಮನೆ ಕಟ್ಟುತ್ತಿರುವ ಎಳೆಯ ಜೋಡಿ. ಆ ಹುಡುಗಿಯೇ ಕೊನೆಯಲ್ಲಿ ಕುದುರೆಯ ಜೀನು ಇಳಿಸಿದ ಮುದುಕಿ ಎಂದು ಗುರುತು ಸಿಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕಾಗ ಮಗಳ ಮೊಣಕೈ ತಿವಿದರು.

ಮಾತು ಅರ್ಥವಾಗಲಿಲ್ಲ. ಪ್ರಿಯಾಂಕ ಆಗೊಮ್ಮೆ ಈಗೊಮ್ಮೆ ಕಿವಿಯಲ್ಲಿ ಹೇಳುತ್ತಿದ್ದಳು. ಕೆಲವು ಕಡೆ ಅವ್ವನೇ, "ಸುಮ್ಕಿರಮ್ಮಿ, ಕಾಣ್ತದಲ್ಲ" ಎಂದರು. ಅವನು ಮಂದೆ ಹೊಡೆದುಕೊಂಡು ಹೋಗುತ್ತಾನೆ, ತಿಂಗಳುಗಟ್ಟಲೆ ಬರುವುದಿಲ್ಲ. ಅವಳು ಬಾಗಿಲಲ್ಲಿ ನಿಲ್ಲುತ್ತಾಳೆ. ಬರುತ್ತಾನೆ, ಮತ್ತೆ ಹೋಗುತ್ತಾನೆ. ಮಗು ಸಾಯುತ್ತದೆ, ಅವನು ಇರುವುದಿಲ್ಲ. ಅವಳು ಒಬ್ಬಳೇ ಗುಂಡಿ ತೋಡುತ್ತಾಳೆ.

ಕೊನೆ ಹತ್ತಿರವಾಯಿತು. ಸಂಗೀತ ನಿಧಾನವಾದ ಕೂಡಲೇ ಸಣ್ಣತಾಯಮ್ಮ ಎದ್ದು ನಿಂತರು. ಕೈ ಪೊರಕೆಗೆ ತಡಕಾಡಿತು. ಪ್ರಿಯಾಂಕ ಸೆರಗು ಹಿಡಿದು ಎಳೆದಳು.

"ಎಲ್ಗೆ ಅವ್ವ? ಕುಂತ್ಕೊ."

ಕೂತರು. ಸವಾರನಿಲ್ಲದ ಕುದುರೆ ಅಂಗಳಕ್ಕೆ ಬಂತು. ಹೆಂಗಸು ಜೀನು ಇಳಿಸಿದಳು, ನೀರಿಟ್ಟಳು.

"ಅವತ್ತು ಅವಳ್ನ ಬೈದಿದ್ದೆ" ಎನ್ನುತ್ತಾರೆ ಸಣ್ಣತಾಯಮ್ಮ ಈಗ. "ತಪ್ಪು ಕಣಪ್ಪ. ಮೊದ್ಲಿಂದ ನೋಡ್ದ್ಮ್ಯಾಕೆ ಗೊತ್ತಾಯ್ತು. ಅವ ಬದ್ಕಿದ್ದಾಗ್ಲೇ ಅವಳು ಅಳೋದನ್ನೆಲ್ಲ ಮುಗಿಸ್ಬುಟ್ಟವ್ಳೆ. ಇನ್ನೆಲ್ಲಿಂದ ತರ್ತಾಳೆ ಕಣ್ಣೀರ? ಕುದ್ರೆಗೆ ಬಾಯಾರಿಕೆ ಆಗಿರ್ತದೆ, ನೀರಿಟ್ಲು. ನಾನಾದ್ರೂ ಅದೇ ಮಾಡ್ತಿದ್ದೆ." ಮತ್ತೆ ಸೇರಿಸುತ್ತಾರೆ: "ಇನ್ನೆಷ್ಟು ಹೆಂಗಸ್ರನ್ನ ಹಂಗೆ ಬರೀ ಕೊನೆ ನೋಡಿ ಬೈಕಂಡಿವ್ನೋ."

ದೀಪ ಹತ್ತಿ ಜನ ಹೊರಟರು. ಬೇರೆಯವರು ಗುಡಿಸುತ್ತಾರೆ ಎಂದು ಸೋಮಶೇಖರ್ ಹೇಳಿದರೂ ಸಣ್ಣತಾಯಮ್ಮ ಪೊರಕೆ ಕೊಡಲಿಲ್ಲ. ಹಸಿರು ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಮುಂದಿನ ಸಾಲಿನಿಂದ ಶುರು ಮಾಡಿದರು. ಸಿಪ್ಪೆ ಈ ಸಲವೂ ಅಲ್ಲೊಂದು, ಇಲ್ಲೊಂದು. ಕೊನೆಯ ಸಾಲಿಗೆ ಬಂದು ತಾವು ಕೂತಿದ್ದ ಕುರ್ಚಿಯ ಕೆಳಗೆ ಬಗ್ಗಿ ನೋಡಿದರು. ಏನೂ ಇರಲಿಲ್ಲ.

"ನೋಡು, ನೀನೂ ಮರ್ತಿದ್ದೀಯ ತಿನ್ನೋದ" ಎಂದಳು ಪ್ರಿಯಾಂಕ.

ಸಣ್ಣತಾಯಮ್ಮ ಮಡಿಲನ್ನು ಬಿಚ್ಚಿ ತೋರಿಸಿದರು. ಒಂದೂ ಉಳಿಯದಂತೆ ತಿಂದ ಕಡಲೆಕಾಯಿಯ ಸಿಪ್ಪೆ, ಪೂರಾ ಒಂದು ಪೊಟ್ಟಣದ್ದು, ಹೊಸ ಸೀರೆಯ ಮಡಿಲಿನಲ್ಲಿತ್ತು. ಕೆಳಗೆ ಹಾಕಲು ಕೈ ಬಂದಿರಲಿಲ್ಲ.

"ಪೂರಾ ತಿಂದಿವ್ನಿ ಕಣಮ್ಮಿ. ಪಿಚ್ಚರ್ನೂ ಪೂರಾ ನೋಡಿವ್ನಿ. ನೆಲ ನೋಡಿದ್ರೆ, ಈ ಮುದ್ಕಿಗೆ ಹಿಡೀಲೇ ಇಲ್ಲ ಅನ್ಬೇಕು" ಎಂದರು. ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಸಿಪ್ಪೆಯನ್ನು ಮಂಕರಿಗೆ ಸುರಿದು ಮಡಿಲು ಕೊಡವಿದರು.

ಬಾಗಿಲಲ್ಲಿ ಸೋಮಶೇಖರ್ ಬಂದು ನಿಂತಿದ್ದರು. "ತಾಯಮ್ಮ, ನೆಲ..." ಎಂದು ಶುರು ಮಾಡಿದವರು ನಡುವೆಯೇ ನಿಲ್ಲಿಸಿದರು. ಆಮೇಲೆ, ಈ ಟಾಕೀಸಿನಲ್ಲಿ ಯಾರೂ ಆಕೆಯನ್ನು ಅದುವರೆಗೆ ಕೇಳದಿದ್ದ ಮಾತು ಕೇಳಿದರು:

"ಪಿಚ್ಚರ್ ಹೆಂಗಿತ್ತು?"

ಸಣ್ಣತಾಯಮ್ಮ ಪೊರಕೆಯ ಮೇಲೆ ಕೈಯೂರಿ, ಬರಿದಾದ ಪರದೆಯನ್ನು ನೋಡಿದರು.

"ಉದ್ದ ಆಯ್ತು ಬುದ್ಧಿ" ಎಂದರು. "ಇನ್ನೊಂದ್ಸಲ ಹಾಕಿ. ಕುಂತ್ಕತೀನಿ."